ಮಲೆನಾಡಿನ ಮನೆಗೆ ಎಂಸಿಬಿ, ಆರ್‌ಸಿಸಿಬಿ: ಯಾವುದು, ಎಷ್ಟರದು, ಯಾವಾಗ ಬದಲಿಸಬೇಕು

ಆಶ್ಲೇಷ ಮಳೆ ಜೋರು ಹಿಡಿದ ವಾರ ತೀರ್ಥಹಳ್ಳಿ ಕಡೆಯ ಹಳೆಯ ಹೆಂಚಿನ ಮನೆಯೊಂದಕ್ಕೆ ವೈರಿಂಗ್ ಕೆಲಸಕ್ಕೆ ಹೋಗಿದ್ದೆ. ಜಗಲಿಯ ಗೋಡೆಯಲ್ಲಿ ಡಿಬಿ ಬಾಕ್ಸ್, ಮನೆಯ ಲೈನುಗಳೆಲ್ಲ ಕವಲೊಡೆಯುವ ಪೆಟ್ಟಿಗೆ. ಮುಚ್ಚಳ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದೆ. ಆರ್‌ಸಿಸಿಬಿಯ (ಕರೆಂಟು ಸೋರಿದರೆ ತಾನಾಗಿ ಬೀಳುವ ಸ್ವಿಚ್ಚಿನ) ಹಿಡಿ ಕೆಳಗೇ ಬಿದ್ದಿದೆ, ಆದರೂ ಮನೆತುಂಬ ದೀಪ ಉರಿಯುತ್ತಿದೆ. ಮೇಲಿನ ಟರ್ಮಿನಲ್‌ನಿಂದ ಕೆಳಗಿನದಕ್ಕೆ ಬೆರಳುದ್ದದ ಎರಡು ವೈರ್ ತುಂಡು, ಒಂದು ಕೆಂಪು, ಒಂದು ಕಪ್ಪು, ನೇರವಾಗಿ ಸೇರಿಸಿ ಬಿಗಿದಿದ್ದರು.

"ಮಳೆ ಶುರುವಾದ್ರೆ ಸಾಕು, ನಡುರಾತ್ರಿ ಬೀಳ್ತಿತ್ತು ತಮ್ಮಾ. ಹೋದ ವರ್ಷ ಬಂದವ್ರು ಹಿಂಗೆ ಮಾಡಿಕೊಟ್ರು. ಆಮೇಲೆ ಎಂತ ತೊಂದ್ರೆ ಇಲ್ಲ," ಎಂದರು ಮನೆಯ ಅಮ್ಮ.

"ಮತ್ತೆ ಈಗ ನನ್ನ ಕರೆಸಿದ್ದು ಎಂತಕ್ಕಮ್ಮಾ?"

"ಬಚ್ಚಲಲ್ಲಿ ನಲ್ಲಿ ಮುಟ್ಟಿದ್ರೆ ಕೈ ಜುಮ್ ಅಂತದೆ."

ಈ ಎರಡು ಮಾತಿಗೂ ಸಂಬಂಧ ಇದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಬಾಕ್ಸಿನಲ್ಲಿ ಲೋಡು ಹೆಚ್ಚಾದರೆ, ಶಾರ್ಟ್ ಆದರೆ ಬೀಳುವ ಎಂಸಿಬಿಗಳು ಸಾಲಾಗಿ ಇದ್ದವು, ಒಳ್ಳೆಯ ಕಂಪನಿಯವೇ. ಅವು ಇದ್ದೂ ನಲ್ಲಿಯಲ್ಲಿ ಕರೆಂಟು ಬಂದಿತ್ತು. ಎಂಸಿಬಿ ಕಾಯುವುದು ವೈರನ್ನು. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ಯಾವುದು ಕೊಳ್ಳಬೇಕು, ಎಷ್ಟರದು ಹಾಕಬೇಕು ಎಂಬ ಲೆಕ್ಕವೆಲ್ಲ ಇಲ್ಲಿಂದಲೇ ಶುರುವಾಗುತ್ತದೆ.

ಒಂದೇ ಮುಖದ ಮೂರು ಸಾಮಾನು

ಡಿಬಿ ಬಾಕ್ಸಿನಲ್ಲಿ ನೋಡಲು ಒಂದೇ ಥರ ಇರುವ ಮೂರು ಸಾಮಾನು ಇರುತ್ತವೆ. ಐಸೋಲೇಟರ್ ಬರೀ ಸ್ವಿಚ್ಚು. ಎಷ್ಟೇ ಕರೆಂಟು ಹರಿದರೂ ತಾನಾಗಿ ಬೀಳುವುದಿಲ್ಲ. ದುಡ್ಡು ಉಳಿಸಲು ಮೇನ್ ಜಾಗದಲ್ಲಿ ಇದನ್ನು ಕೂರಿಸಿ "ಮೇನ್ ಬ್ರೇಕರ್ ಹಾಕಿದ್ದೇನೆ" ಎಂದು ಹೇಳಿ ಹೋದ ಮನೆಗಳನ್ನು ಕಂಡಿದ್ದೇನೆ. ಎಂಸಿಬಿಯ ಮೈಮೇಲೆ ಸಿ16, ಬಿ10 ಎಂಬಂಥ ಗುರುತು ಇರುತ್ತದೆ. ಆರ್‌ಸಿಸಿಬಿಯ ಮೇಲೆ ಟಿ ಎಂದು ಬರೆದ ಪುಟ್ಟ ಗುಂಡಿ ಇರುತ್ತದೆ, ಪಕ್ಕದಲ್ಲಿ 30 ಮಿಲಿ ಆಂಪಿಯರ್ ಎಂದೋ 100 ಎಂದೋ ಅಚ್ಚಾಗಿರುತ್ತದೆ. ನಿಮ್ಮ ಬಾಕ್ಸಿನಲ್ಲಿ ಟಿ ಗುಂಡಿ ಎಲ್ಲೂ ಕಾಣದಿದ್ದರೆ ಆರ್‌ಸಿಸಿಬಿ ಇಲ್ಲವೆಂದೇ ತಿಳಿಯಿರಿ.

ಎಂಸಿಬಿಯೊಳಗೆ ಎರಡು ಕಾವಲು. ಒಂದು, ಎರಡು ಲೋಹ ಬೆಸೆದ ಪಟ್ಟಿ. ಹೆಚ್ಚು ಕರೆಂಟು ಬಹಳ ಹೊತ್ತು ಹರಿದರೆ ಕಾದು ಬಾಗಿ ಕೊಂಡಿ ಕಳಚುತ್ತದೆ. ಇನ್ನೊಂದು ತಾಮ್ರದ ಸುರುಳಿ. ಶಾರ್ಟ್ ಆದರೆ ಕಣ್ಣು ಮಿಟುಕಿಸುವುದರೊಳಗೆ ಎಳೆದು ಬೀಳಿಸುತ್ತದೆ. 16 ಆಂಪಿಯರ್ ಎಂದು ಬರೆದದ್ದು 16 ದಾಟಿದ ಕೂಡಲೇ ಬೀಳುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಾಗಲ್ಲ. ಅದರ ಮಾನದಂಡದ ಪ್ರಕಾರ 1.13 ಪಟ್ಟು, ಅಂದರೆ 18 ಆಂಪಿಯರ್ ಹರಿದರೆ ಒಂದು ಗಂಟೆಯೊಳಗೆ ಬೀಳಕೂಡದು, 1.45 ಪಟ್ಟು, ಅಂದರೆ 23 ಆಂಪಿಯರ್ ದಾಟಿದರೆ ಒಂದು ಗಂಟೆಯೊಳಗೆ ಬೀಳಲೇಬೇಕು. ಆದ್ದರಿಂದ ಅಷ್ಟು ಕರೆಂಟಿನ ಬಿಸಿ ತಡೆಯುವ ಶಕ್ತಿ ವೈರಿಗೆ ಇರಬೇಕು. ಎಂಸಿಬಿ ಆರಿಸುವಾಗ ಮೊದಲು ನೋಡಬೇಕಾದ್ದು ಗೋಡೆಯೊಳಗಿನ ವೈರನ್ನು, ಗೀಸರನ್ನಲ್ಲ.

ತಾಮ್ರದ ವೈರಿಗೆ ನಾನು ಹಾಕುವ ಜೋಡಿ ಇದು: ಲೈಟು ಫ್ಯಾನಿನ 1.5 ಚದರ ಮಿಲಿಮೀಟರ್ ವೈರಿಗೆ 6 ಅಥವಾ 10 ಆಂಪಿಯರ್, 2.5ಕ್ಕೆ 16, 4ಕ್ಕೆ 20 ಅಥವಾ 25, 6ಕ್ಕೆ 32. 2 ಕಿಲೋವ್ಯಾಟ್ ಗೀಸರ್ 230 ವೋಲ್ಟಿನಲ್ಲಿ ಎಳೆಯುವುದು 9 ಆಂಪಿಯರಿಗಿಂತ ಕಡಿಮೆ, 3 ಕಿಲೋವ್ಯಾಟಿನದು ಸುಮಾರು 13. ಎರಡಕ್ಕೂ 2.5ರ ವೈರು, 16ರ ಎಂಸಿಬಿ ಸಾಕು. ಆದರೆ ಅದೇ ಲೈನಿಗೆ ಇಂಡಕ್ಷನ್ ಒಲೆ, ಮಿಕ್ಸಿ ಸೇರಿಸಿ, ಬೀಳುತ್ತದೆ ಎಂದು 16 ತೆಗೆದು 32 ಹಾಕಿದರೆ ಎಂಸಿಬಿ ಸುಮ್ಮನಾಗುತ್ತದೆ, ವೈರು ಬಿಸಿಯೇರುತ್ತದೆ. ಮರದ ತೊಲೆ, ರೀಪು, ಅಟ್ಟದ ಮೇಲೆ ಒಣಗಿದ ಅಡಿಕೆ ಸಿಪ್ಪೆ ಇರುವ ಮನೆಯಲ್ಲಿ ವೈರು ಬಿಸಿಯೇರುವುದು ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ಹಳೆಯ ಮನೆಗಳಲ್ಲಿ ಅಲ್ಯುಮಿನಿಯಂ ವೈರು ಇನ್ನೂ ಇದೆ. ಅದಕ್ಕೆ ಮೇಲಿನ ಲೆಕ್ಕ ಹಾಕಲೇಬೇಡಿ, ಒಂದು ಮೆಟ್ಟಿಲು ಕೆಳಗಿನ ಎಂಸಿಬಿ ಹಾಕಿ, ಅನುಕೂಲವಾದ ವರ್ಷ ವೈರನ್ನೇ ಬದಲಿಸಿ.

ಹಳೆಯ ಪಿಂಗಾಣಿ ಫ್ಯೂಸು ಕೆಟ್ಟದ್ದೇ ಎಂದು ಕೇಳುವವರಿದ್ದಾರೆ. ಸರಿಯಾದ ತಂತಿ ಕಟ್ಟಿದ ಫ್ಯೂಸು ತನ್ನ ಕೆಲಸ ಮಾಡುತ್ತದೆ. ತೊಂದರೆ ಬರುವುದು ಎರಡನೇ ಸಲ. ಕತ್ತಲಲ್ಲಿ, ಮಳೆಯಲ್ಲಿ, ಕೈಗೆ ಸಿಕ್ಕ ವೈರಿನ ನಾಲ್ಕು ಎಳೆ ಸೇರಿಸಿ ಕಟ್ಟುತ್ತೇವೆ, ಆಮೇಲೆ ಅದು ಫ್ಯೂಸಾಗಿ ಉಳಿಯುವುದಿಲ್ಲ. ಆ ಕಾರಣಕ್ಕೇ ಎಂಸಿಬಿ ಮೇಲು.

ಬಿ, ಸಿ, ಡಿ ಮತ್ತು ತೋಟದ ಪಂಪು

ಆಂಪಿಯರ್ ಅಂಕೆಗೆ ಮೊದಲು ಇರುವ ಅಕ್ಷರ, ಶಾರ್ಟ್ ಆದಾಗ ಎಷ್ಟು ಪಟ್ಟು ಕರೆಂಟಿಗೆ ಆ ಸುರುಳಿ ಎಳೆಯುತ್ತದೆ ಎಂಬುದನ್ನು ಹೇಳುತ್ತದೆ. ಬಿ ಆದರೆ 3ರಿಂದ 5 ಪಟ್ಟು, ಸಿ ಆದರೆ 5ರಿಂದ 10, ಡಿ ಆದರೆ 10ರಿಂದ 20. ಗೀಸರ್, ಇಸ್ತ್ರಿಪೆಟ್ಟಿಗೆ, ಸಾದಾ ಲೈಟು ಇವಕ್ಕೆ ಬಿ ಚೆನ್ನಾಗಿ ಹೊಂದುತ್ತದೆ. ಫ್ರಿಜ್ಜು, ಪಂಪು, ಎಸಿ, ಅಡಿಕೆ ಸುಲಿಯುವ ಯಂತ್ರ, ಹೀಗೆ ಮೋಟರ್ ಇರುವುದಕ್ಕೆಲ್ಲ ಸಿ. ಒಟ್ಟಿಗೆ ಬಹಳ ಎಲ್‌ಇಡಿ ದೀಪ ಹಾಕುವ ಲೈನಿಗೂ ಸಿ ಒಳ್ಳೆಯದು. ಅಂಗಡಿಯಲ್ಲಿ ಕೇಳದೇ ಕೊಡುವುದು ಸಿ. ಮನೆಗೆ ಬಹುಪಾಲು ಅದೇ ನಡೆಯುತ್ತದೆ.

ಡಿ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ಮೋಟರ್ ಹಾಕಿದ ಕೂಡಲೇ ಎಂಸಿಬಿ ಬೀಳುತ್ತದೆ ಎಂದರೆ "ಡಿ ಹಾಕಿ" ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ನಮ್ಮಲ್ಲಿ ಅದು ಅಪಾಯದ ಸಲಹೆ, ಲೆಕ್ಕ ಹಾಕಿ ನೋಡೋಣ. 1 ಎಚ್‌ಪಿ ಸಿಂಗಲ್ ಫೇಸ್ ಪಂಪು ಓಡುವಾಗ ಸುಮಾರು 7 ಆಂಪಿಯರ್ ಎಳೆಯುತ್ತದೆ, ಶುರುವಾಗುವಾಗ ಅದರ ಐದಾರು ಪಟ್ಟು, ಅಂದರೆ 35ರಿಂದ 40. ಬಿ10 ಬೀಳುವುದು 30ರಿಂದ 50ರೊಳಗೆ, ಹಾಗಾಗಿ ಅದು ಸುಮ್ಮಸುಮ್ಮನೆ ಬೀಳಬಹುದು. ಸಿ10 ಬೀಳುವುದು 50ರ ಮೇಲೆ, ತೊಂದರೆ ಇಲ್ಲ. ಇಲ್ಲಿಗೆ ಮೋಟರಿನ ಲೆಕ್ಕ ಮುಗಿಯಿತು.

ಇನ್ನು ವೈರಿನದು. ಮನೆಯಿಂದ ತೋಟದ ಬಾವಿಗೆ 100 ಮೀಟರ್ 2.5ರ ತಾಮ್ರದ ವೈರು ಎಳೆದಿದ್ದೀರಿ. ಹೋಗಿ ಬರುವ ದಾರಿ 200 ಮೀಟರ್, ಅದರ ರೆಸಿಸ್ಟೆನ್ಸ್ ಸುಮಾರು 1.5 ಓಮ್. ಪಂಪಿನ ಬುಡದಲ್ಲೇ ಶಾರ್ಟ್ ಆದರೂ 230 ವೋಲ್ಟಿಗೆ ಹರಿಯಬಹುದಾದ್ದು ಹೆಚ್ಚೆಂದರೆ 155 ಆಂಪಿಯರ್. ಕಂಬದ ಲೈನಿನ ರೆಸಿಸ್ಟೆನ್ಸ್ ಸೇರಿದರೆ ಇನ್ನೂ ಕಡಿಮೆ. ಡಿ16 ತಕ್ಷಣ ಬೀಳುವುದು ಖಾತ್ರಿ ಆಗುವುದು 320 ಆಂಪಿಯರಿನಲ್ಲಿ! ಅಷ್ಟು ಕರೆಂಟು ಆ ವೈರಿನಲ್ಲಿ ಹರಿಯುವುದೇ ಇಲ್ಲ. ಶಾರ್ಟ್ ಆದ ವೈರು ಕೆಂಪಾಗುತ್ತಿದ್ದರೂ ಪಟ್ಟಿ ಕಾದು ಬಾಗುವವರೆಗೆ ಡಿ ಬೀಳದೆ ಸುಮ್ಮನಿರುತ್ತದೆ. ಸಿ16ಕ್ಕೆ ಖಾತ್ರಿಯ ಅಂಕೆ 160, ಅದೂ ಕೈಗೆ ಸಿಗುವುದಿಲ್ಲ. ಸಿ10ಕ್ಕೆ 100, ಅದು ಸಿಗುತ್ತದೆ. ಆದ್ದರಿಂದ ದೂರದ ಪಂಪಿಗೆ ಸಿ10 ಹಾಕಿ. ಆಗಲೂ ಬಿದ್ದರೆ ಕೆಪಾಸಿಟರ್, ಬೇರಿಂಗ್, ವೋಲ್ಟೇಜ್ ನೋಡಿ. ಮೋಟರ್ ದೊಡ್ಡದಾದರೆ ವೈರು ದಪ್ಪ ಮಾಡಿ. ಮೋಟರ್ ಸುಡದಂತೆ ಕಾಯುವುದು ಸ್ಟಾರ್ಟರಿನ ಓವರ್‌ಲೋಡ್ ರಿಲೇಯ ಕೆಲಸ, ಅದನ್ನು ಎಂಸಿಬಿಯಿಂದ ಬಯಸಬೇಡಿ.

ಎಂಸಿಬಿಯ ಮೇಲೆ ಚೌಕದೊಳಗೆ 6000 ಅಥವಾ 10000 ಎಂದು ಇರುತ್ತದೆ. ಅದು ಶಾರ್ಟ್ ಆದಾಗ ಒಡೆಯದೆ ತಡೆಯಬಲ್ಲ ಆಂಪಿಯರ್. 100 ಕೆವಿಎ ಟಿಸಿಯ (ಊರಿನ ಟ್ರಾನ್ಸ್‌ಫಾರ್ಮರಿನ) ಬಾಯಲ್ಲೇ ಶಾರ್ಟ್ ಆದರೂ ಬರುವುದು ಸುಮಾರು 3200 ಆಂಪಿಯರ್. ಹಳ್ಳಿ ಮನೆಗೆ 6000 ಧಾರಾಳ. ಶಿವಮೊಗ್ಗ ಪೇಟೆಯಲ್ಲಿ ದೊಡ್ಡ ಟಿಸಿಗೆ ಒತ್ತಿಕೊಂಡ ಮನೆಯಾದರೆ 10000 ತೆಗೆದುಕೊಳ್ಳಿ.

ಆರ್‌ಸಿಸಿಬಿ, ಆರ್‌ಸಿಬಿಒ, ಮತ್ತು ಮಳೆಗಾಲದ ಜಗಳ

ಮತ್ತೆ ಆ ಬಚ್ಚಲುಮನೆಗೆ ಬರೋಣ. ಗೀಸರಿನ ಕಾಯಿಲ್ ಒಡೆದು ಫೇಸ್ ಅದರ ಮೈಗೆ ತಾಗಿದೆ ಎಂದುಕೊಳ್ಳಿ. ಅರ್ಥ್ ವೈರು ಇದೆ, ಅದು ಅಂಗಳದ ಅರ್ಥ್ ಗುಂಡಿಗೆ ಹೋಗಿದೆ. ನಮ್ಮದು ಜಂಬಿಟ್ಟಿಗೆ ನೆಲ; ಉಪ್ಪು, ಇದ್ದಿಲು ಹಾಕಿ ನೀರು ಕುಡಿಸದಿದ್ದರೆ ಆ ಗುಂಡಿಯ ರೆಸಿಸ್ಟೆನ್ಸ್ 20 ಓಮ್ ಇರುವುದು ದೊಡ್ಡ ವಿಷಯವೇ ಅಲ್ಲ. 230ನ್ನು 20ರಿಂದ ಭಾಗಿಸಿದರೆ 11.5 ಆಂಪಿಯರ್. 16ರ ಎಂಸಿಬಿಗೆ ಅದು ಮಾಮೂಲಿ ಲೋಡು. ಬೀಳುವುದಿಲ್ಲ. ಗೀಸರಿನ ಮೈ, ನಲ್ಲಿ, ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತವರು, ಎಲ್ಲ ಹಾಗೇ ಇರುತ್ತಾರೆ.

ಆರ್‌ಸಿಸಿಬಿ ಮಾಡುವುದು ಬೇರೆಯೇ ಲೆಕ್ಕ. ಫೇಸಿನಲ್ಲಿ ಹೋದ ಕರೆಂಟು ಪೂರ್ತಿ ನ್ಯೂಟ್ರಲ್ಲಿನಲ್ಲಿ ಮರಳಿತೇ ಎಂದು ಅದು ಸದಾ ತಾಳೆ ನೋಡುತ್ತಿರುತ್ತದೆ. 30 ಮಿಲಿ ಆಂಪಿಯರ್, ಅಂದರೆ ಒಂದು ಆಂಪಿಯರಿನ ನೂರರಲ್ಲಿ ಮೂರು ಪಾಲು ದಾರಿ ತಪ್ಪಿದರೂ ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಕತ್ತರಿಸುತ್ತದೆ. ತಪ್ಪುವುದು ಹೆಚ್ಚಾದಷ್ಟೂ ಬೇಗ. ಮೈಯಲ್ಲಿ ಅದಕ್ಕಿಂತ ಹೆಚ್ಚು ಕರೆಂಟು ನಿಂತು ಹರಿದರೆ ಎದೆಬಡಿತವೇ ತಪ್ಪಬಹುದು, ಅದಕ್ಕೇ ಆ 30. ಆದರೆ ಒಂದು ಕೈಯಲ್ಲಿ ಫೇಸು, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವರನ್ನು ಇದು ಉಳಿಸುವುದಿಲ್ಲ. ಅದರ ಕಣ್ಣಿಗೆ ಅವರೂ ಒಂದು ಬಲ್ಬು. ಓವರ್‌ಲೋಡಿಗೂ ಇದು ಬೀಳುವುದಿಲ್ಲ. ಎಂಸಿಬಿ ಜೊತೆಗಿರಲೇಬೇಕು. ಮೇನ್ 32 ಆಂಪಿಯರ್ ಎಂಸಿಬಿ ಇದ್ದರೆ ಆರ್‌ಸಿಸಿಬಿ 40ರದು ಇರಲಿ.

ಕೊಳ್ಳುವಾಗ 100, 300 ಮಿಲಿ ಆಂಪಿಯರಿನವೂ ಸಿಗುತ್ತವೆ. ಅವು ಬೆಂಕಿ ತಡೆಯಲಿಕ್ಕೆ, ಶಾಕಿನಿಂದ ಜೀವ ಉಳಿಸಲಿಕ್ಕಲ್ಲ. ಮಳೆಗಾಲದಲ್ಲಿ 30ರದು ಬೀಳುತ್ತದೆ ಎಂದು 100ರದು ಹಾಕಿಸಿಕೊಂಡರೆ, ಆ ವೈರ್ ತುಂಡಿಗಿಂತ ಒಂದು ಹೆಜ್ಜೆ ಮೇಲು ಅಷ್ಟೇ. ಎಸಿ ಟೈಪ್, ಎ ಟೈಪ್ ಎಂದು ಇನ್ನೊಂದು ಭೇದ ಇದೆ. ಇನ್ವರ್ಟರ್ ಫ್ರಿಜ್ಜು, ಈಗಿನ ವಾಷಿಂಗ್ ಮೆಷಿನ್ನು ಇರುವ ಮನೆಗೆ ಎ ಟೈಪ್ ಕೊಳ್ಳಿ. ಅವುಗಳ ಎಲೆಕ್ಟ್ರಾನಿಕ್ಸಿನಿಂದ ಸೋರುವ ಅರೆಬರೆ ಅಲೆಯ ಕರೆಂಟು ಎಸಿ ಟೈಪಿನ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ.

ಹಾಗಾದರೆ ಮಳೆಗಾಲದಲ್ಲಿ ಯಾಕೆ ಬೀಳುತ್ತದೆ? ಎಲ್ಲೋ ಸೋರುತ್ತಿರುವುದರಿಂದ. ಆರ್‌ಸಿಸಿಬಿ ಕೆಟ್ಟಿರುವುದು ಅಪರೂಪ. 30ರ ಆರ್‌ಸಿಸಿಬಿ 15 ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು. ಅಂಗಳದ ಲೈಟಿನಲ್ಲಿ ಸ್ವಲ್ಪ, ಹಳೆ ಗೀಸರಿನಲ್ಲಿ ಸ್ವಲ್ಪ, ಹೆಂಚು ಸೋರುವ ಕಡೆಯ ಜಾಯಿಂಟಿನಲ್ಲಿ ಸ್ವಲ್ಪ ಸೇರಿ ಅದು ತುದಿಯಲ್ಲಿ ನಿಂತಿರುತ್ತದೆ. ಇಲ್ಲಿ ಆರ್‌ಸಿಬಿಒ ನೆರವಿಗೆ ಬರುತ್ತದೆ. ಅದು ಎಂಸಿಬಿ ಮತ್ತು ಆರ್‌ಸಿಸಿಬಿ ಎರಡೂ ಸೇರಿದ ಒಂದೇ ಸಾಮಾನು. ಒಂದು ಲೈನಿಗೆ ಒಂದು ಹಾಕಿದರೆ ಆ ಲೈನು ಮಾತ್ರ ಬೀಳುತ್ತದೆ, ಮನೆ ಕತ್ತಲಾಗುವುದಿಲ್ಲ. ಎಲ್ಲ ಲೈನಿಗೂ ಹಾಕಿಸಿದರೆ ಬಹಳ ದುಡ್ಡಾಗುತ್ತದೆ. ನನ್ನ ಮಟ್ಟಿಗೆ ಮಲೆನಾಡಿನ ಮನೆಗೆ ಸರಿಹೊಂದುವುದು ಹೀಗೆ: ಒಳಮನೆಗೆಲ್ಲ ಸೇರಿ 30ರ ಒಂದು ಆರ್‌ಸಿಸಿಬಿ, ಕೊಟ್ಟಿಗೆ, ಅಂಗಳ, ತೋಟದ ಕಡೆ ಹೋಗುವ ಲೈನುಗಳನ್ನು ಅದರಿಂದ ಹೊರಗೆ ತೆಗೆದು ತಲಾ ಒಂದು ಆರ್‌ಸಿಬಿಒ. ಕೊಟ್ಟಿಗೆಯದನ್ನು ಮಾತ್ರ ಬಿಡಲೇಬೇಡಿ. ಮನುಷ್ಯರಿಗೆ ಜುಮ್ ಎನ್ನುವಷ್ಟು ವೋಲ್ಟೇಜು ದನಗಳಿಗೆ ಪ್ರಾಣಕ್ಕೆ ಬರಬಹುದು.

ಇನ್ನೊಂದು ಮಾತು ಬ್ಯಾಟರಿ ಇನ್ವರ್ಟರ್ ಬಗ್ಗೆ. ಇಲ್ಲಿ ಅದಿಲ್ಲದ ಮನೆ ಕಡಿಮೆ. ಇನ್ವರ್ಟರಿನ ಲೈಟುಗಳ ನ್ಯೂಟ್ರಲ್ಲನ್ನು ಮನೆಯ ಉಳಿದ ನ್ಯೂಟ್ರಲ್ ಜೊತೆ ಒಂದೇ ಪಟ್ಟಿಗೆ ಸೇರಿಸಿದ್ದರೆ ಹೋದದ್ದು ಒಂದು ದಾರಿ, ಬಂದದ್ದು ಇನ್ನೊಂದು ದಾರಿ ಆಗಿ ಆರ್‌ಸಿಸಿಬಿ ಬೀಳುತ್ತಲೇ ಇರುತ್ತದೆ. ಬಿಸಿಲುಕಾಲದಲ್ಲೂ ಬೀಳುವ ಮನೆಗಳಲ್ಲಿ ಮೊದಲು ಇದನ್ನೇ ನೋಡಿಸಿ.

ಸಿಂಗಲ್ ಪೋಲ್ ಮತ್ತು ಡಬಲ್ ಪೋಲ್ ಎಂಸಿಬಿಯ ಆಯ್ಕೆಯೂ ಇಲ್ಲೇ ಬರುತ್ತದೆ. ಸಿಂಗಲ್ ಪೋಲ್ ಕತ್ತರಿಸುವುದು ಫೇಸನ್ನು ಮಾತ್ರ. ಆರ್‌ಸಿಸಿಬಿ ಬಿದ್ದಾಗ ಎಲ್ಲ ಎಂಸಿಬಿ ಇಳಿಸಿ, ಆರ್‌ಸಿಸಿಬಿ ಎತ್ತಿ, ಒಂದೊಂದೇ ಎಂಸಿಬಿ ಹಾಕುತ್ತ ಹೋಗಿ. ಯಾವುದಕ್ಕೆ ಬೀಳುತ್ತದೋ ಆ ಲೈನಿನಲ್ಲಿ ದೋಷ. ಇಷ್ಟನ್ನು ಮನೆಯವರೇ ಮಾಡಬಹುದು. ಎಲ್ಲ ಇಳಿಸಿದರೂ ಆರ್‌ಸಿಸಿಬಿ ನಿಲ್ಲದಿದ್ದರೆ ಬಹುಮಟ್ಟಿಗೆ ನ್ಯೂಟ್ರಲ್ಲೇ ಎಲ್ಲೋ ಅರ್ಥಿಗೆ ತಾಗಿದೆ, ಅದನ್ನು ಸಿಂಗಲ್ ಪೋಲ್ ಬಿಡಿಸಿಕೊಡುವುದಿಲ್ಲ. ಹೊರಗಿನ ಲೈನುಗಳಿಗೆ, ಗೀಸರಿಗೆ ಡಬಲ್ ಪೋಲ್ ಹಾಕಿಸಿದರೆ ದೋಷ ಹುಡುಕುವುದು ಅರ್ಧ ಗಂಟೆಯ ಕೆಲಸ. ಒಳಗಿನ ಲೈಟುಗಳಿಗೆ ಸಿಂಗಲ್ ಸಾಕು.

ಸಿಡಿಲಿಗೆ ಎಂಸಿಬಿ ಅಲ್ಲ

ಭರಣಿ, ಕೃತ್ತಿಕೆಯ ಗುಡುಗಿಗೆ ಟಿವಿ, ರೌಟರ್ ಸುಟ್ಟವರು "ಎಂಸಿಬಿ ಇತ್ತು, ಆದರೂ ಹೋಯ್ತು" ಎನ್ನುತ್ತಾರೆ. ಸಿಡಿಲಿನ ಏರು ಮೈಕ್ರೊಸೆಕೆಂಡಿನ ಆಟ, ಎಂಸಿಬಿ ಏಳುವ ಮೊದಲೇ ಮುಗಿದಿರುತ್ತದೆ. ಅದಕ್ಕೆ ಬೇಕಾದ್ದು ಆ ಏರನ್ನು ಅರ್ಥಿಗೆ ಹರಿಸಿಬಿಡುವ ಎಸ್‌ಪಿಡಿ, ಟೈಪ್ 2ರದು. ಮೇನಿನ ಹತ್ತಿರ ಹಾಕಿ, ಅರ್ಥಿಗೆ ಆದಷ್ಟು ಗಿಡ್ಡ ವೈರು ಕೊಡಬೇಕು. ಅದರ ಕಿಟಕಿ ಹಸಿರಿನಿಂದ ಕೆಂಪಾದರೆ ಆ ತುಂಡನ್ನು ಬದಲಿಸಬೇಕು. ಅರ್ಥ್ ಸರಿ ಇಲ್ಲದ ಮನೆಗೆ ಇದರಿಂದ ಉಪಯೋಗವಿಲ್ಲ. ನೇರ ಸಿಡಿಲಿಗೆ ಇದೊಂದೇ ಸಾಲದು, ಗುಡುಗುವಾಗ ಪ್ಲಗ್ ಕೀಳುವ ಅಭ್ಯಾಸ ಬಿಡಬೇಡಿ.

ಮರ ಬಿದ್ದು ಕಂಬದ ನ್ಯೂಟ್ರಲ್ ಕಡಿದರೆ ಇನ್ನೊಂದು ಥರದ ಹಾನಿ. ಬಲ್ಬು ಒಮ್ಮೆಲೇ ಪ್ರಖರವಾಗುತ್ತದೆ, 230 ಇರಬೇಕಾದ ವೋಲ್ಟೇಜು 400ರತ್ತ ಏರಬಹುದು. ಎಂಸಿಬಿ ವೋಲ್ಟೇಜು ನೋಡುವುದಿಲ್ಲ. ಓವರ್ ವೋಲ್ಟೇಜ್ ಕಟ್ ಮಾಡುವ ರಿಲೇ ಬೇರೆ ಸಿಗುತ್ತದೆ. ಕಾಡಿನ ನಡುವೆ ಲೈನು ಬರುವ ಮನೆಗಳಿಗೆ ಎಸ್‌ಪಿಡಿಗಿಂತ ಮೊದಲು ಇದನ್ನೇ ಹಾಕಿಸಿ ಎನ್ನುತ್ತೇನೆ. ದೀಪ ಹಾಗೆ ಉರಿದರೆ ಮೇನ್ ಇಳಿಸಿ, 1912ಕ್ಕೆ ಫೋನ್ ಮಾಡಿ ಮೆಸ್ಕಾಂಗೆ ತಿಳಿಸಿ.

ಬದಲಿಸುವ ಹೊತ್ತು

ಲೈನಿನಲ್ಲಿ ದೋಷ ಇಲ್ಲದೆಯೂ ಎತ್ತಿದ ಹಿಡಿ ನಿಲ್ಲದಿದ್ದರೆ, ಸುಟ್ಟ ವಾಸನೆ ಬಂದರೆ, ಟರ್ಮಿನಲ್ ಬಳಿ ಪ್ಲಾಸ್ಟಿಕ್ ಕಂದಾಗಿದ್ದರೆ, ಟಿ ಗುಂಡಿ ಒತ್ತಿದರೂ ಬೀಳದಿದ್ದರೆ ಆ ಸಾಮಾನು ಮುಗಿದಂತೆ. ರಿಪೇರಿ ಇಲ್ಲ. ಟಿ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಬೇಕು. ನೆನಪಿರಲಿ ಎಂದು ನಾನು ಸಂಕ್ರಮಣದ ದಿನ ಒತ್ತಿ ಎಂದು ಹೇಳುತ್ತೇನೆ. ಕಂದಾದ ಎಂಸಿಬಿಗೆ ಬಹುಪಾಲು ಕಾರಣ ಸಡಿಲ ಸ್ಕ್ರೂ, ಹಾಗಾಗಿ ಹೊಸದನ್ನು ಕೂರಿಸುವ ಮೊದಲು ಸುಟ್ಟ ವೈರಿನ ತುದಿ ಕತ್ತರಿಸಿ ಹೊಸ ತಾಮ್ರ ತೆಗೆಯಲೇಬೇಕು. ಹೊಸದು ಆ ವೈರಿಗೆ ಹೊಂದುವ ಆಂಪಿಯರಿನದಾಗಿರಲಿ, ಹಳೆಯದರ ಅಂಕೆಯನ್ನೇ ನಂಬಬೇಡಿ. ಎಂಸಿಬಿಗಳನ್ನು ಸಾಲಾಗಿ ಸೇರಿಸುವ ತಾಮ್ರದ ಪಟ್ಟಿಯ, ಅಂದರೆ ಬಸ್‌ಬಾರಿನ ಎತ್ತರ ಕಂಪನಿಯಿಂದ ಕಂಪನಿಗೆ ಬೇರೆ, ಆದ್ದರಿಂದ ಒಂದೇ ಸಾಲಿಗೆ ಒಂದೇ ಕಂಪನಿಯದು ಒಳ್ಳೆಯದು. ಹ್ಯಾವೆಲ್ಸ್, ಲೆಗ್ರಾಂಡ್, ಶ್ನೈಡರ್, ಯಾವುದೇ ಇರಲಿ, ಐಎಸ್ಐ ಗುರುತಿನ ಕೆಳಗಿನ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿ, ಬಿಲ್ಲು ಕೇಳಿ ಪಡೆಯಿರಿ.

ಬಾಕ್ಸಿನ ಮುಚ್ಚಳ ಬಿಚ್ಚುವ ಕೆಲಸ ಮಾತ್ರ ಲೈಸೆನ್ಸ್ ಇರುವವರಿಗೆ ಬಿಡಿ. ಮೇನ್ ಇಳಿಸಿದರೂ ಅದರ ಮೀಟರ್ ಕಡೆಯ ಟರ್ಮಿನಲ್‌ನಲ್ಲಿ ಕರೆಂಟು ಇದ್ದೇ ಇರುತ್ತದೆ. ಮೀಟರಿನ ಸೀಲು ಮುಟ್ಟಬೇಕಾದ ಕೆಲಸವಾದರೆ ಲೈನ್‌ಮನ್ ಬರಲೇಬೇಕು.

ಆ ಮನೆಯಲ್ಲಿ ವೈರ್ ತುಂಡು ಕಿತ್ತ ಮೇಲೆ ಆರ್‌ಸಿಸಿಬಿ ನಿಲ್ಲಲೇ ಇಲ್ಲ, ಎಲ್ಲ ಎಂಸಿಬಿ ಇಳಿಸಿದರೂ ಬಿತ್ತು. ನ್ಯೂಟ್ರಲ್ಲುಗಳನ್ನು ಒಂದೊಂದೇ ಬಿಡಿಸಿದಾಗ ಸಿಕ್ಕಿದ್ದು ಕೊಟ್ಟಿಗೆಯದು. ಹೆಂಚಿನ ಸಂದಿಯ ನೀರು ಜಾಯಿಂಟ್ ಬಾಕ್ಸಿನಲ್ಲಿ ತುಂಬಿ ನಿಂತಿತ್ತು. ಗೀಸರಿನದು ಬೇರೆಯೇ ಕತೆ. ಕಾಯಿಲ್ ಸೋರುತ್ತಿತ್ತು, ಸಾಕೆಟ್ಟಿನ ಹಿಂದೆ ಅರ್ಥ್ ವೈರು ಕಳಚಿ ನೇತಾಡುತ್ತಿತ್ತು. ಕಾಯಿಲ್ ಬದಲಿಸಿ, ಅರ್ಥ್ ಬಿಗಿದು, ಒಳಮನೆಗೆ 40 ಆಂಪಿಯರಿನ 30 ಮಿಲಿ ಆಂಪಿಯರ್ ಎ ಟೈಪ್ ಆರ್‌ಸಿಸಿಬಿ, ಕೊಟ್ಟಿಗೆಗೆ 10ರ ಆರ್‌ಸಿಬಿಒ ಹಾಕಿ ಬಂದೆ.

ಮಘೆ ಮಳೆಯಲ್ಲಿ ಆ ಅಮ್ಮನದೇ ಫೋನು. "ಕೊಟ್ಟಿಗೆದು ಮಾತ್ರ ಬಿದ್ದದೆ ತಮ್ಮಾ, ಮನೇದೆಲ್ಲ ಉರೀತದೆ. ನಾನು ಎತ್ತಕ್ಕೆ ಹೋಗ್ಲಿಲ್ಲ." ಹೋಗಿ ನೋಡಿದರೆ ಬಲ್ಬಿನ ಹೋಲ್ಡರಿನೊಳಗೆ ಇರುವೆ ಮಣ್ಣು ತುಂಬಿ, ಅದು ನೆನೆದು ಕೆಸರಾಗಿತ್ತು. ಅದರ ಸರಿಯಾಗಿ ಕೆಳಗೆ ದನ ಕಟ್ಟುವ ಕಬ್ಬಿಣದ ಗೂಟ.